ತೊಲಕ್ಕೆ ಮೂರು ಡಿನೇರಿಯಸ್

ಹೆಚ್ಚು ಸವೆಯದ ಮೂರು ಡಿನೇರಿಯಸ್‌ಗಳನ್ನು, ಅಂದರೆ ಪ್ರಾಚೀನ ರೋಮ್‌ನ ಬೆಳ್ಳಿ ನಾಣ್ಯಗಳನ್ನು, ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಇನ್ನೊಂದಕ್ಕೆ ಹಳೆಯ ಕಾಲದ ಒಂದು ತೊಲದ ಬಟ್ಟು ಇಟ್ಟರೆ ಮುಳ್ಳು ಹೆಚ್ಚುಕಡಿಮೆ ನಡುವೆ ನಿಲ್ಲುತ್ತದೆ. ತೊಲ ಎಂದರೆ 11.66 ಗ್ರಾಂ. ರೋಮನ್ನರು ತಮ್ಮ ಒಂದು ಪೌಂಡು ಬೆಳ್ಳಿಯಲ್ಲಿ, ಅಂದರೆ ಸುಮಾರು 325 ಗ್ರಾಂನಲ್ಲಿ, 84 ನಾಣ್ಯ ಹೊಡೆಯುತ್ತಿದ್ದರು; ಒಂದೊಂದೂ 3.9 ಗ್ರಾಂ ಹತ್ತಿರ. ಈ ಎರಡು ಅಳತೆಗಳಿಗೆ ಯಾವ ನಂಟೂ ಇಲ್ಲ, ಬರೀ ಕಾಕತಾಳೀಯ. ಆದರೂ ಈ ನಾಣ್ಯದ ಭಾರ ಎಷ್ಟೆಂದು ಕೈಗೆ ಹೇಳಿಕೊಡಲು ಈ ಲೆಕ್ಕ ಚೆನ್ನಾಗಿದೆ. 2011ರ ಸರಣಿಯ ನಮ್ಮ ಒಂದು ರೂಪಾಯಿ 3.79 ಗ್ರಾಂ ತೂಗುತ್ತದೆ. ತೂಕದಲ್ಲಿ ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಡಿನೇರಿಯಸ್‌ನ ಅಗಲ 18-19 ಮಿಲಿಮೀಟರ್ ಮಾತ್ರ. ಹಾಗಾಗಿ ಅದು ಕೈಯಲ್ಲಿ ಪುಟ್ಟದಾಗಿ, ಗಟ್ಟಿಯಾಗಿ ಕೂರುತ್ತದೆ.

ರೋಮನ್ ನಾಣ್ಯ ಕಂಡವರೆಲ್ಲ ಮೊದಲು ಕೇಳುವುದು ‘ಇದು ಯಾವ ರಾಜನ ಮುಖ?’ ಎಂದು. ಕೇಳಬೇಕಾದ್ದೇ. ಆದರೆ ತೂಕದಿಂದ ಶುರುಮಾಡಿದರೆ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ಈ ಮುಖ, ರಥ, ದೇವತೆಗಳನ್ನು ಕೆತ್ತಿಸಿದವರ ಉದ್ದೇಶ ಏನೇ ಇರಲಿ, ಲ್ಯಾಟಿನ್ ಓದಲು ಬಾರದ ಕೋಟ್ಯಂತರ ಜನರಿಗೆ ಅದು ಒಂದು ಮುದ್ರೆ. ಇಷ್ಟು ಬೆಳ್ಳಿ ಇದೆ, ನಂಬಬಹುದು ಎಂಬ ಗುರುತು. ರೋಮನ್ ಲೇಖಕ ಪ್ಲಿನಿ ಹೇಳುವ ಪ್ರಸಂಗವೊಂದಿದೆ. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ, ಕೆಂಪು ಸಮುದ್ರದ ತೆರಿಗೆ ಗುತ್ತಿಗೆ ಹಿಡಿದಿದ್ದ ಆನಿಯಸ್ ಪ್ಲೊಕಾಮಸ್ ಎಂಬವನ ಬಳಿ ದಾಸ್ಯದಿಂದ ಬಿಡುಗಡೆಯಾಗಿದ್ದ ಆಳೊಬ್ಬ ಗಾಳಿಗೆ ಸಿಕ್ಕಿ ಶ್ರೀಲಂಕಾ ತಲುಪುತ್ತಾನೆ. ಅಲ್ಲಿಯ ರಾಜ ಅವನ ಬಳಿಯಿದ್ದ ಡಿನೇರಿಯಸ್‌ಗಳನ್ನು ನೋಡುತ್ತಾನೆ. ಮೇಲಿನ ಮುಖಗಳು ಬೇರೆಬೇರೆ, ಅಂದರೆ ಹೊಡೆಸಿದವರು ಹಲವರು. ಆದರೆ ತೂಕ ಎಲ್ಲದರದೂ ಒಂದೇ. ರೋಮನ್ನರು ಪ್ರಾಮಾಣಿಕರು ಎಂದು ರಾಜ ಮೆಚ್ಚಿದ್ದು ಅದಕ್ಕಂತೆ. ಕತೆಯಲ್ಲಿ ಪ್ಲಿನಿಯ ಸ್ವಂತ ಹೆಮ್ಮೆಯೂ ಸ್ವಲ್ಪ ಬೆರೆತಿರಬಹುದು. ಆದರೆ ನಾಣ್ಯ ಪರೀಕ್ಷಿಸುವ ಕ್ರಮ ಮಾತ್ರ ಸರಿಯಾಗಿದೆ: ಮುಖ ನೋಡು, ತೂಗು, ಎರಡನ್ನೂ ತಾಳೆ ಹಾಕು.

ಡಿನೇರಿಯಸ್ ಹುಟ್ಟಿದ್ದು ಯುದ್ಧದ ಇಕ್ಕಟ್ಟಿನಲ್ಲಿ. ಶತ್ರು ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೇ ಬೀಡುಬಿಟ್ಟಿದ್ದಾಗ, ಕ್ರಿ.ಪೂ. 211ರ ಸುಮಾರಿಗೆ, ರೋಮ್ ತನ್ನ ಹಳೆಯ ನಾಣ್ಯವ್ಯವಸ್ಥೆಯನ್ನು ಬಿಟ್ಟು ಹೊಸದನ್ನು ತಂದಿತು. ಆಗ ಪೌಂಡಿಗೆ 72 ನಾಣ್ಯ, ತಲಾ ನಾಲ್ಕೂವರೆ ಗ್ರಾಂ. ಕೆಲವೇ ವರ್ಷಗಳಲ್ಲಿ 84ಕ್ಕೆ ಇಳಿಯಿತು. ಮುಂಬದಿಯಲ್ಲಿ ರೆಕ್ಕೆಯ ಶಿರಸ್ತ್ರಾಣ ತೊಟ್ಟ ರೋಮಾ ದೇವಿಯ ತಲೆ, ಅದರ ಹಿಂದೆ ಗುಣಾಕಾರದ ಗುರುತಿನಂಥ ಎಕ್ಸ್. ಅದು ರೋಮನ್ ಅಂಕಿಯ ಹತ್ತು: ಹತ್ತು ‘ಆಸ್’ ಎಂಬ ತಾಮ್ರದ ಕಾಸಿಗೆ ಒಂದು ಬೆಳ್ಳಿ. ಹಿಂಬದಿಯಲ್ಲಿ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳು ಕುದುರೆ ಏರಿ ಧಾವಿಸುತ್ತಿದ್ದಾರೆ. ನಮ್ಮ ಅಶ್ವಿನಿ ದೇವತೆಗಳನ್ನು ನೆನಪಿಸುವ ಜೋಡಿ. ಕ್ರಿ.ಪೂ. 141ರ ಆಸುಪಾಸಿನಲ್ಲಿ ಬೆಲೆಯನ್ನು 16 ಕಾಸಿಗೆ ಏರಿಸಿದಾಗ ಕೆಲವು ನಾಣ್ಯಗಳಲ್ಲಿ 16ರ ಅಂಕಿಯೇ ಬಂತು, ಆದರೆ ಹೆಸರು ಬದಲಾಗಲಿಲ್ಲ. ‘ಹತ್ತರದು’ ಎಂಬ ಅರ್ಥದ ಹೆಸರು ಹೊತ್ತು ಹದಿನಾರು ಕಾಸಿನ ನಾಣ್ಯ ಓಡಾಡಿತು. ಆ ಹೆಸರೇ ಮುಂದೆ ನಮ್ಮಲ್ಲಿಗೂ ಬಂದು ‘ದೀನಾರ’ ಆಯಿತು. ಗುಪ್ತರ ಶಾಸನಗಳಲ್ಲಿ ದೀನಾರ ಎಂದರೆ ಚಿನ್ನದ ನಾಣ್ಯ. ಬೆಳ್ಳಿಯ ಹೆಸರು ಚಿನ್ನಕ್ಕೆ ಬಡ್ತಿ ಪಡೆದಿತ್ತು.

ನಾಣ್ಯ ಹೇಗೆ ತಯಾರಾಗುತ್ತಿತ್ತು ಎಂಬುದಕ್ಕೆ ಒಂದು ನಾಣ್ಯವೇ ಸಾಕ್ಷಿ. ಕ್ರಿ.ಪೂ. 46ರಲ್ಲಿ ಟೈಟಸ್ ಕಾರಿಸಿಯಸ್ ಹೊಡೆಸಿದ ಡಿನೇರಿಯಸ್‌ನ ಮುಂಬದಿಯಲ್ಲಿ ಮೊನೇಟಾ ದೇವಿ ಇದ್ದಾಳೆ. ಅವಳ ಗುಡಿಗೆ ಹೊಂದಿಕೊಂಡೇ ಟಂಕಸಾಲೆ ಇದ್ದುದರಿಂದ ಇಂಗ್ಲಿಷಿನ ‘ಮನಿ’, ‘ಮಿಂಟ್’ ಎರಡೂ ಆ ಹೆಸರಿನಿಂದ ಬಂದವು. (ಕನ್ನಡದಲ್ಲಿ ಟಂಕಸಾಲೆಗೆ ‘ಕಮ್ಮಟ’ ಎಂಬ ಹಳೆಯ ಪದವಿತ್ತು. ಈಗ ಕಮ್ಮಟದಲ್ಲಿ ಕತೆ, ಕವಿತೆ ತಯಾರಾಗುತ್ತವೆ.) ಹಿಂಬದಿಯಲ್ಲಿ ಅಡಿಗಲ್ಲು, ಇಕ್ಕುಳ, ಸುತ್ತಿಗೆ. ಬೇಕಾದ ಸಲಕರಣೆ ಹೆಚ್ಚುಕಡಿಮೆ ಅಷ್ಟೇ. ಕೆಳಗಿನ ಅಚ್ಚನ್ನು ಅಡಿಗಲ್ಲಿಗೆ ಕೂರಿಸಿ, ಅದರ ಮೇಲೆ ತೂಕ ಸರಿಮಾಡಿದ ಬೆಳ್ಳಿಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಬಡಿಯುವುದು. ಮುಂಬದಿಯ ಚಿತ್ರ ಕೆಳಗಿನ ಅಚ್ಚಿನಲ್ಲಿ, ಹಿಂಬದಿಯದು ಮೇಲಿನದರಲ್ಲಿ. ಏಟು ನೇರವಾಗಿ ಬೀಳುವುದು ಮೇಲಿನ ಅಚ್ಚಿಗಾದ್ದರಿಂದ ಅದು ಬೇಗ ಸವೆದು ಸೀಳುತ್ತಿತ್ತು. ಒಂದೇ ಮುಂಬದಿ ಅಚ್ಚಿಗೆ ಹಲವು ಹಿಂಬದಿ ಅಚ್ಚುಗಳು ಜೋಡಿಯಾಗಿರುವುದು ಈ ಕಾರಣಕ್ಕೆ. ಯಾವ ಅಚ್ಚು ಯಾವುದರೊಂದಿಗೆ ಬಂದಿದೆ, ಬಿರುಕು ಯಾವಾಗ ಶುರುವಾಯಿತು ಎಂದು ಹಿಂಬಾಲಿಸಿದರೆ ನಾಣ್ಯಗಳನ್ನು ಹೊಡೆದ ಕ್ರಮವನ್ನೇ ಕಟ್ಟಬಹುದು.

ಕೈಕೆಲಸವಾದ್ದರಿಂದ ತಪ್ಪುಗಳೂ ಉಂಟು. ಬಿಲ್ಲೆ ಪಕ್ಕಕ್ಕೆ ಸರಿದರೆ ಚಕ್ರವರ್ತಿಯ ಮೂಗು ಅಂಚಿನಾಚೆ ಹೋಗುತ್ತದೆ. ಏಟು ಬಿದ್ದಾಗ ಅಚ್ಚು ಪುಟಿದು ಎರಡನೇ ಸಲ ಕೂತರೆ ತುಟಿ ಜೋಡಿಯಾಗುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ್ದು, ಹೊಡೆದ ನಾಣ್ಯ ಮೇಲಿನ ಅಚ್ಚಿಗೇ ಕಚ್ಚಿಕೊಂಡು, ಕೆಲಸಗಾರ ಗಮನಿಸದೆ ಮುಂದಿನ ಬಿಲ್ಲೆಯ ಮೇಲೆ ಹೊಡೆದಾಗ ಆಗುವುದು. ಆಗ ಹಳೆಯ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಹೊಸ ನಾಣ್ಯದ ಒಂದು ಬದಿಯಲ್ಲಿ ಉಬ್ಬಿದ ಮುಖ, ಇನ್ನೊಂದು ಬದಿಯಲ್ಲಿ ಅದೇ ಮುಖ ಕನ್ನಡಿಯಲ್ಲಿ ಕಂಡಂತೆ ತಗ್ಗಾಗಿ. ಇದನ್ನು ಕಂಡು ನಕಲಿ ಎಂದು ಬದಿಗಿಡುವವರಿದ್ದಾರೆ. ನಿಜಕ್ಕೂ ಇದು ಅಸಲಿಯತನಕ್ಕೆ ಒಳ್ಳೆಯ ಸಾಕ್ಷಿ.

ಗಣರಾಜ್ಯದ ಕಾಲದಲ್ಲಿ ಟಂಕಸಾಲೆಯನ್ನು ನೋಡಿಕೊಳ್ಳುತ್ತಿದ್ದವರು ಮೂವರು ಕಿರಿಯ ಅಧಿಕಾರಿಗಳು, ರಾಜಕೀಯದ ಮೊದಲ ಮೆಟ್ಟಿಲಲ್ಲಿದ್ದ ಶ್ರೀಮಂತರ ಮಕ್ಕಳು. ಮೊದಮೊದಲು ದೇವತೆ, ರಥಗಳ ಚಿತ್ರದಲ್ಲೇ ಒಂದು ಮೂಲೆಗೆ ಹೆಸರು ಸೇರಿಸುತ್ತಿದ್ದ ಇವರು, ಬರಬರುತ್ತ ನಾಣ್ಯದ ಹಿಂಬದಿಯನ್ನು ಮನೆತನದ ಬಿರುದಾವಳಿ ಮಾಡಿಬಿಟ್ಟರು. ನನ್ನ ಮಟ್ಟಿಗೆ ರೋಮನ್ ಬೆಳ್ಳಿಯಲ್ಲಿ ಅತ್ಯಂತ ರಸವತ್ತಾದ ಕಾಲ ಇದೇ. ಕ್ರಿ.ಪೂ. 82ರಲ್ಲಿ ಮಾಮಿಲಿಯಸ್ ಲಿಮೆಟಾನಸ್ ತನ್ನ ವಂಶ ಗ್ರೀಕ್ ಮಹಾಕಾವ್ಯದ ನಾಯಕ ಯುಲಿಸಿಸ್‌ನ ಮಗನಿಂದ ಬಂದದ್ದೆಂದು ಹೇಳಿಕೊಳ್ಳಲು, ಇಪ್ಪತ್ತು ವರ್ಷದ ಮೇಲೆ ಊರಿಗೆ ಮರಳಿದ ಯುಲಿಸಿಸ್‌ನನ್ನು ಮುದಿನಾಯಿ ಆರ್ಗಸ್ ಗುರುತಿಸುವ ಗಳಿಗೆಯನ್ನು ಕೆತ್ತಿಸಿದ. ಹತ್ತೊಂಬತ್ತು ಮಿಲಿಮೀಟರಿನೊಳಗೆ ಒಬ್ಬ ಮನುಷ್ಯ, ಅವನ ಕೋಲು, ತಲೆಯೆತ್ತಿದ ನಾಯಿ. ಇನ್ನು ಕೆಲವರದು ಶುದ್ಧ ಶ್ಲೇಷೆ. ಪೊಂಪೋನಿಯಸ್ ಮೂಸಾ ತನ್ನ ಹೆಸರಿಗೆ ತಕ್ಕಂತೆ ಕಲೆಗಳ ಒಂಬತ್ತು ಮ್ಯೂಸ್ ದೇವತೆಗಳನ್ನೂ ಒಂದೊಂದು ನಾಣ್ಯಕ್ಕೆ ಒಬ್ಬೊಬ್ಬಳಂತೆ ತಂದ. ಥೋರಿಯಸ್ ಬಾಲ್ಬಸ್ ಎಂಬವನ ನಾಣ್ಯದಲ್ಲಿ ನುಗ್ಗುತ್ತಿರುವ ಹೋರಿ. ಗೂಳಿಗೆ ಲ್ಯಾಟಿನ್‌ನಲ್ಲಿ ‘ತೌರುಸ್’. ಕಾಸಿಯಸ್ ಲಾಂಗಿನಸ್‌ನ ನಾಣ್ಯದಲ್ಲಿ ನಾಗರಿಕನೊಬ್ಬ ಪೆಟ್ಟಿಗೆಗೆ ಮತದ ಫಲಕ ಹಾಕುತ್ತಿದ್ದಾನೆ: ಗುಪ್ತ ಮತದಾನದ ಕಾನೂನು ತಂದದ್ದು ಅವನ ಪೂರ್ವಿಕ.

ಇಷ್ಟೆಲ್ಲ ಇದ್ದರೂ ಬದುಕಿರುವ ರೋಮನ್ನನ ಮುಖವನ್ನು ರೋಮ್‌ನ ಟಂಕಸಾಲೆ ಅಚ್ಚುಹಾಕುತ್ತಿರಲಿಲ್ಲ. ಆ ಕಟ್ಟು ಮುರಿದದ್ದು ಕ್ರಿ.ಪೂ. 44ರ ಆರಂಭದಲ್ಲಿ, ಜೂಲಿಯಸ್ ಸೀಸರ್‌ನ ಸುಕ್ಕುಗಟ್ಟಿದ ಕತ್ತಿನೊಂದಿಗೆ. ಕೆಲವು ನಾಣ್ಯಗಳಲ್ಲಿ ‘ಆಜೀವ ಸರ್ವಾಧಿಕಾರಿ’ ಎಂಬ ಬರಹವೂ ಇದೆ. ಮಾರ್ಚ್ 15ಕ್ಕೆ ಅವನ ಕೊಲೆಯಾಯಿತು. ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಸೈನ್ಯಕ್ಕೆ ಸಂಬಳ ಕೊಡಲು ಹೊಡೆಸಿದ ನಾಣ್ಯದ ಹಿಂಬದಿಯಲ್ಲಿ ಎರಡು ಕಠಾರಿಗಳು, ನಡುವೆ ಬಿಡುಗಡೆಯಾದ ಗುಲಾಮ ತೊಡುವ ಟೋಪಿ, ಕೆಳಗೆ ‘ಐಡ್ ಮಾರ್’, ಅಂದರೆ ಮಾರ್ಚ್ ನಡುದಿನ. ಇತಿಹಾಸಕಾರ ಕಾಸಿಯಸ್ ಡಿಯೋ ಕೂಡ ಇದನ್ನು ಬಣ್ಣಿಸುತ್ತಾನೆ. ಎಲ್ಲರೂ ಈ ಕಠಾರಿಗಳ ಬಗ್ಗೆಯೇ ಮಾತಾಡುತ್ತಾರೆ. ನಾಣ್ಯವನ್ನು ತಿರುಗಿಸಿ ನೋಡಿ: ಮುಂಬದಿಯಲ್ಲಿರುವುದು ಬ್ರೂಟಸ್‌ನದೇ ಮುಖ. ರಾಜನಂತೆ ನಡೆದವನನ್ನು ಕೊಂದವನು ಮೂರು ವರ್ಷದೊಳಗೆ ಅದೇ ಜಾಗದಲ್ಲಿ ತಾನು ಕೂತಿದ್ದ.

ಚಕ್ರವರ್ತಿಗಳ ಕಾಲದ ನಾಣ್ಯ ಓದುವುದು ಒಂದು ರೀತಿಯಲ್ಲಿ ಸುಲಭ. ಮುಖದ ಸುತ್ತ ಹೆಸರು ಇದೆ. ಲ್ಯಾಟಿನ್‌ನಲ್ಲಿ ‘ಯು’ ಬದಲು ‘ವಿ’ ಆಕಾರದ ಅಕ್ಷರ, ಪದಗಳ ನಡುವೆ ಬಿಡುವಿಲ್ಲ, ಎಲ್ಲವೂ ಸಂಕ್ಷೇಪ; ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಕಾಲ ತಿಳಿಯಲು ‘ಟಿಆರ್ ಪಿ’ ಮತ್ತು ‘ಸಿಒಎಸ್’ ಹುಡುಕಿ. ಮೊದಲನೆಯದು ಪ್ರತಿವರ್ಷ ನವೀಕರಣವಾಗುತ್ತಿದ್ದ ಟ್ರಿಬ್ಯೂನ್ ಅಧಿಕಾರ; ಮುಂದೆ ಅಂಕಿ ಇದ್ದರೆ ವರ್ಷವೇ ಸಿಕ್ಕಂತೆ. ಎರಡನೆಯದು ಎಷ್ಟನೇ ಸಲ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿ, ಆದ ಎಂಬುದು, ಇದು ಅಷ್ಟು ನಿಖರವಲ್ಲ. ಟ್ರಾಜನ್ ಚಕ್ರವರ್ತಿ ಐದನೇ ಸಲ ಕಾನ್ಸಲ್ ಆದದ್ದು ಕ್ರಿ.ಶ. 103ರಲ್ಲಿ, ಆರನೇ ಸಲ 112ರಲ್ಲಿ. ‘ಸಿಒಎಸ್ 5’ ಎಂದಷ್ಟೇ ಇದ್ದರೆ ಒಂಬತ್ತು ವರ್ಷಗಳಲ್ಲಿ ಯಾವುದೂ ಆಗಬಹುದು.

ಹಿಂಬದಿಯಲ್ಲಿ ನಿಂತ ಹೆಂಗಸರನ್ನು ಗುರುತಿಸಲು ಕನ್ನಡಿಗರಿಗೆ ಬೇರೆ ಪಾಠ ಬೇಡ. ಹೊಯ್ಸಳ ಗುಡಿಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂದು ನೋಡಿ ಕೇಶವನೋ ಜನಾರ್ದನನೋ ಎಂದು ಹೇಳುವ ಅಭ್ಯಾಸವೇ ಸಾಕು. ಮುಖ ಬಿಡಿ, ಕೈ ನೋಡಿ. ಚುಕ್ಕಾಣಿ ಹಿಡಿದವಳು ಅದೃಷ್ಟದ ಫಾರ್ಚೂನಾ. ಹಾವಿಗೆ ಬಟ್ಟಲಲ್ಲಿ ಉಣಿಸುವವಳು ಆರೋಗ್ಯದ ಸಾಲುಸ್. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಸೆರಗು ತುಸು ಎತ್ತಿಕೊಂಡವಳು ಭರವಸೆಯ ಸ್ಪೇಸ್. ಟೋಪಿ ಮತ್ತು ಕೋಲು ಇದ್ದರೆ ಲಿಬರ್ಟಾಸ್. ಅದೇ ಬ್ರೂಟಸ್‌ನ ಟೋಪಿ. ತೆನೆ ಮತ್ತು ಧಾನ್ಯದ ಕೊಳಗ ಇದ್ದರೆ ಅನ್ನೋನಾ, ರೋಮ್‌ನ ಪಡಿತರ ದೇವತೆ ಎನ್ನಬಹುದು. ತಕ್ಕಡಿ ಹಿಡಿದವಳಲ್ಲಿ ಮಾತ್ರ ತೊಡಕು. ಅವಳು ನ್ಯಾಯದ ಈಕ್ವಿಟಾಸ್ ಆಗಿರಬಹುದು, ಟಂಕಸಾಲೆಯ ಮೊನೇಟಾ ಆಗಿರಬಹುದು. ಇಬ್ಬರಿಗೂ ತಕ್ಕಡಿ, ಇಬ್ಬರಿಗೂ ಹಣ್ಣು ತುಂಬಿದ ಕೊಂಬು. ಬರಹ ಸವೆದಿದ್ದರೆ ಯಾರೆಂದು ಪಟ್ಟುಹಿಡಿಯುವುದು ಬೇಡ.

ಈ ದೇವತೆಗಳ ಮಾತನ್ನು ಇದ್ದಹಾಗೆ ನಂಬಬಾರದು. 68-69ರ ಅಂತರ್ಯುದ್ಧದಲ್ಲಿ, ಪಡೆಗಳು ದಿನಕ್ಕೊಬ್ಬ ಒಡೆಯನಿಗೆ ಜೈ ಅನ್ನುತ್ತಿದ್ದಾಗ, ‘ಸೈನ್ಯದ ನಿಷ್ಠೆ’ ಎಂಬ ಬರಹದ, ಕೈಕುಲುಕುವ ಚಿತ್ರದ ನಾಣ್ಯಗಳು ಬಂದವು. ಯಾವುದು ಕೈತಪ್ಪುತ್ತಿದೆಯೋ ಅದನ್ನೇ ಅಚ್ಚುಹಾಕುವುದು. ಬೆಳ್ಳಿಯ ವಿಷಯದಲ್ಲೂ ಹೀಗೇ. ನೀರೋ 64ರ ಸುಮಾರಿಗೆ ಪೌಂಡಿಗೆ 96 ನಾಣ್ಯ ಹೊಡೆಸಿದ, ತೂಕ 3.4 ಗ್ರಾಂಗೆ ಇಳಿಯಿತು, ಬೆಳ್ಳಿಗೆ ತಾಮ್ರವೂ ಸೇರಿತು. ಸೆಪ್ಟಿಮಿಯಸ್ ಸೆವೆರಸ್ ಬಂದಮೇಲೆ ಬೆಳ್ಳಿ ಅರ್ಧದ ಹತ್ತಿರಕ್ಕೆ ಬಂತು. ಅವನ ನಾಣ್ಯಗಳ ಮೇಲೂ ಮೊನೇಟಾ ತಕ್ಕಡಿ ಹಿಡಿದೇ ನಿಂತಿದ್ದಾಳೆ. ಕ್ಯಾರಕಲ್ಲಾ 215ರಲ್ಲಿ ತಂದ ಹೊಸ ನಾಣ್ಯದಲ್ಲಿ ಚಕ್ರವರ್ತಿಗೆ ಸೂರ್ಯಕಿರಣದ ಕಿರೀಟ. ಆ ಕಿರೀಟದ ಅರ್ಥ ‘ಇದು ಎರಡು ಡಿನೇರಿಯಸ್’ ಎಂದು. ಒಳಗಿದ್ದ ಬೆಳ್ಳಿ ಒಂದೂವರೆಯಷ್ಟು. ಚಿತ್ರ ತೂಕವನ್ನು ಮೀರಿ ಮಾತಾಡಿದ್ದು ಅಲ್ಲಿಂದ. ಗ್ಯಾಲಿಯೆನಸ್‌ನ ಕೊನೆಯ ವರ್ಷಗಳಿಗೆ ಬಂದರೆ ಅದು ಬೆಳ್ಳಿ ನೀರು ಸೋಕಿದ ತಾಮ್ರ.

ಈ ಬೆರಕೆ ಕಣ್ಣಿಗೆ ಏಕೆ ಕಾಣುವುದಿಲ್ಲ ಎಂಬುದಕ್ಕೆ ಕಾರಣವಿದೆ. ತಾಮ್ರ ಬೆರೆತ ಬಿಲ್ಲೆಯನ್ನು ಕಾಯಿಸಿ ಹುಳಿದ್ರಾವಣದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿ ಬೆಳ್ಳಿಯ ತೆಳುಪದರ ಉಳಿಯುತ್ತದೆ. ಅದರ ಮೇಲೆ ಅಚ್ಚೊತ್ತಿದರೆ ಅಪ್ಪಟದಂತೆ ಹೊಳೆಯುತ್ತದೆ. ಆದ್ದರಿಂದ ಆಭರಣದಂಗಡಿಯಲ್ಲಿ ಕ್ಷ-ಕಿರಣದಿಂದ ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರವಾಗಲಿ ಒರೆಗಲ್ಲಾಗಲಿ ಈ ನಾಣ್ಯಗಳಲ್ಲಿ ಇರುವುದಕ್ಕಿಂತ ಹೆಚ್ಚು ಬೆಳ್ಳಿ ತೋರಿಸುತ್ತದೆ. ಎರಡೂ ನೋಡುವುದು ಮೇಲ್ಮೈಯನ್ನು. ಒಳಗಿನದು ಗೊತ್ತಾಗಬೇಕಾದರೆ ಅಂಚಿನಲ್ಲಿ ಸೂಜಿಯಷ್ಟು ಕೊರೆದು ನೋಡಬೇಕು. ಅದು ಪ್ರಯೋಗಾಲಯದ ಕೆಲಸ.

ಸರ್ಕಾರ ಮಾಡುವ ಮೊದಲೇ ಕಳ್ಳರು ಈ ಕೆಲಸ ಮಾಡಿದ್ದರು. ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಸುತ್ತಿ ಕಾಯಿಸಿದರೆ, ಎರಡೂ ಸೇರುವ ಕಡೆ 72 ಪಾಲು ಬೆಳ್ಳಿ, 28 ಪಾಲು ತಾಮ್ರದ ಮಿಶ್ರಣ ಸುಮಾರು 780 ಡಿಗ್ರಿಗೇ ಕರಗುತ್ತದೆ. ಬೆಳ್ಳಿ ಕರಗಲು 962 ಬೇಕು. ಹಾಗಾಗಿ ಬೇರೆ ಬೆಸುಗೆಯೇ ಬೇಡ. ಈ ನಕಲಿಗಳೂ ಎರಡು ಸಾವಿರ ವರ್ಷ ಹಳೆಯವೇ. ಸಂಗ್ರಹಕಾರರು ಇವನ್ನು ‘ಫುರೇ’ ಎನ್ನುತ್ತಾರೆ. ಅಂಚಿನಲ್ಲಿ, ಕೆನ್ನೆಯ ಉಬ್ಬಿನಲ್ಲಿ ಪದರ ಒಡೆದು ಹಸಿರು ಕಿಲುಬು ಇಣುಕುತ್ತದೆ. ಒಡೆಯದೇ ಇದ್ದರೆ ನೀರಿನ ಪರೀಕ್ಷೆ ಮಾಡಿ. ಅಕ್ಕಸಾಲಿಗರ ಬಳಿ ಇರುವಂಥ, 0.001 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ನಾಣ್ಯವನ್ನು ಮೊದಲು ಒಣದಾಗಿ ತೂಗಿ. ಆಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ತಕ್ಕಡಿಯನ್ನು ಸೊನ್ನೆಗೆ ತನ್ನಿ. ತೆಳುದಾರದಲ್ಲಿ ನಾಣ್ಯವನ್ನು ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ. ಆಗ ಬರುವ ಅಂಕಿ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ಅಂಕಿಯನ್ನು ಇದರಿಂದ ಭಾಗಿಸಿ. 3.82 ಗ್ರಾಂ ನಾಣ್ಯ 0.370 ತೋರಿಸಿದರೆ ಸಾಂದ್ರತೆ 10.3, ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96, ಆದ್ದರಿಂದ ಇದು ಒಳ್ಳೆಯ ಬೆಳ್ಳಿ. 2.95 ಗ್ರಾಂ ನಾಣ್ಯ 0.320 ತೋರಿಸಿದರೆ 9.2, ಒಳಗಿರುವುದು ತಾಮ್ರ. ಎರಡೇ ದಶಾಂಶದ ತಕ್ಕಡಿಯಲ್ಲಿ ಇದನ್ನು ಮಾಡಿ ಪ್ರಯೋಜನವಿಲ್ಲ: 0.37ರ ಬದಲು 0.36 ಬಂದರೂ ಉತ್ತರ 10.6ಕ್ಕೆ ಹಾರುತ್ತದೆ. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಕೂಡ ಲೆಕ್ಕ ಕೆಡಿಸುತ್ತದೆ. ಇನ್ನೊಂದು ಮಾತು: ಈಚಿನವರು ಒಳ್ಳೆಯ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅದಕ್ಕೆ ಹತ್ತುಪಟ್ಟು ಭೂತಗನ್ನಡಿಯೇ ಗತಿ. ಅಕ್ಷರಗಳ ಬುಡದಲ್ಲಿ ಗುಳ್ಳೆಚುಕ್ಕಿ, ಅಂಚಿನ ಸುತ್ತ ಉಜ್ಜಿದ ಗೆರೆ, ಸೋಪಿನಂತೆ ನುಣುಪಾದ ಮೂಲೆಗಳು ಎರಕದ ಗುರುತು. ಸುತ್ತಿಗೆ ಏಟು ತಿಂದ ಬೆಳ್ಳಿ ಅಂಚಿನ ಕಡೆಗೆ ಹರಿದ ಸಣ್ಣ ಗೆರೆಗಳನ್ನೂ ಅಂಚಿನ ಸೀಳುಗಳನ್ನೂ ಉಳಿಸಿಕೊಂಡಿರುತ್ತದೆ.

ತೊಳೆಯುವ ವಿಷಯದಲ್ಲಿ ಹೇಳುವುದು ಸ್ವಲ್ಪವೇ: ಬೇಡ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ದೀಪದ ಕಂಬಕ್ಕಿರಲಿ. ಹಳೆಯ ಬೆಳ್ಳಿಯಲ್ಲಿ ಹರಳುಗಳ ನಡುವಿನ ತಾಮ್ರ ಕೊರೆದುಹೋಗಿ ಅದು ಹಪ್ಪಳದಂತಾಗಿರುತ್ತದೆ. ನೆಲಕ್ಕೆ ಬಿದ್ದರೆ ಎರಡು ತುಂಡು. ಮಣ್ಣು ಮೆತ್ತಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ಕೆಲವು ದಿನ ನೆನೆಸಿಡಿ, ಉಜ್ಜಬೇಡಿ. ಪಿವಿಸಿ ಚೀಲದಲ್ಲಿಟ್ಟು ಜಿಗುಟು ಹಿಡಿದಿದ್ದರೆ ಅಸಿಟೋನ್ ಸಾಕು.

ಈಗ ನಮ್ಮ ಊರಿನ ಕಡೆಗೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಡಿನೇರಿಯಸ್‌ಗಳು ಸಿಕ್ಕವು, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ಸಿಕ್ಕಿದೆ. ದಕ್ಷಿಣ ಭಾರತದ ಈ ಬೆಳ್ಳಿನಿಧಿಗಳಲ್ಲಿ ರೋಮ್‌ನ ನೂರಾರು ಬಗೆಯ ಚಿತ್ರಗಳು ಕಾಣುವುದಿಲ್ಲ. ಎರಡೇ ಚಿತ್ರಗಳು ಮತ್ತೆಮತ್ತೆ ಬರುತ್ತವೆ. ಒಂದು ಮೊದಲ ಚಕ್ರವರ್ತಿ ಅಗಸ್ಟಸ್‌ನದು, ಇಂದಿನ ಫ್ರಾನ್ಸಿನ ಲಿಯಾನ್‌ನಲ್ಲಿ ಹೊಡೆದದ್ದು: ಹಿಂಬದಿಯಲ್ಲಿ ಅವನ ದತ್ತುಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ಗುರಾಣಿಗಳ ಮೇಲೆ ಕೈಯಿಟ್ಟು ನಿಂತಿದ್ದಾರೆ, ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಡೊಂಕುಕೋಲು. ಇನ್ನೊಂದು ಟೈಬೀರಿಯಸ್‌ನದು: ಪೀಠದ ಮೇಲೆ ಕೂತ ಹೆಂಗಸು, ಕೈಯಲ್ಲಿ ರೆಂಬೆ. ಅವನ ಇಡೀ ಆಳ್ವಿಕೆ ಇದೊಂದೇ ಚಿತ್ರದಲ್ಲಿ ಹೆಚ್ಚುಕಡಿಮೆ ಕಳೆದುಹೋಯಿತು. ಮೊದಲಿನದು ಯಾವುದು, ಆಮೇಲಿನದು ಯಾವುದು ಎಂದು ಬಿಡಿಸಲು ಈಗಿನವರು ಪೀಠದ ಕಾಲಿನ ಅಲಂಕಾರ, ಕೆಳಗಿನ ಗೆರೆಗಳನ್ನು ನೋಡಬೇಕಾಗಿದೆ.

ಗೈಯಸ್, ಲೂಸಿಯಸ್ ಯಾರೆಂದು ದಖ್ಖನ್ನಿನ ವರ್ತಕರು ತಲೆ ಕೆಡಿಸಿಕೊಂಡಿರಲಾರರು. ಇಬ್ಬರೂ ಕ್ರಿ.ಶ. 4ರೊಳಗೆ ತೀರಿಕೊಂಡಿದ್ದರು. ಆದರೆ ‘ಇಬ್ಬರು ಹುಡುಗರದ್ದು’, ‘ಕೂತವಳದ್ದು’ ಎಂದರೆ ತುಂಬಿದ ಬೆಳ್ಳಿ ಎಂದು ಅವರಿಗೆ ಗೊತ್ತಿತ್ತು. ನೀರೋನ ಹಗುರ ನಾಣ್ಯಗಳೂ ಅವುಗಳ ನಂತರದವೂ ಇಲ್ಲಿಯ ನಿಧಿಗಳಲ್ಲಿ ಅಪರೂಪ. ವರ್ತಕರು ಆರಿಸಿಯೇ ತೆಗೆದುಕೊಂಡಿದ್ದಾರೆ. ಈ ಚಾಳಿ ನಮ್ಮವರದು ಮಾತ್ರವಲ್ಲ. ರೈನ್ ನದಿಯಾಚೆಯ ಜರ್ಮನರು ಕೂಡ ಹಳೆಯ ಪರಿಚಿತ ನಾಣ್ಯವನ್ನೇ, ಅಂಚಿಗೆ ಹಲ್ಲು ಕೊಚ್ಚಿದ್ದನ್ನೂ ಜೋಡಿಕುದುರೆ ರಥದ್ದನ್ನೂ, ಮೆಚ್ಚುತ್ತಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಟೈಬೀರಿಯಸ್‌ನ ನಾಣ್ಯವನ್ನು ನೋಡಿ ಸ್ಥಳೀಯ ಅನುಕರಣೆಗಳನ್ನು ಮಾಡಿದರು. ಮುಖ ಚೆನ್ನಾಗಿ ಬಂತು, ಅಕ್ಷರಗಳು ಅರ್ಥವಿಲ್ಲದ ಕಡ್ಡಿಗಳಾದವು. ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರದಂಥ ಕಡೆ ಅದೇ ಮುಖವನ್ನು ಮಣ್ಣಿನಲ್ಲಿ ಒತ್ತಿ ಕೊರಳಿಗೂ ಹಾಕಿಕೊಂಡರು. ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯ ನಿಧಿಯಲ್ಲಿ ಎಷ್ಟೋ ನಾಣ್ಯಗಳ ಮುಖದ ಮೇಲೆ ಉಳಿಯಿಂದ ಗೀರಿದ ಗಾಯವಿದೆ. ಒಳಗೆ ತಾಮ್ರ ಇದೆಯೇ ಎಂದು ನೋಡಿದ್ದೋ, ಪರದೇಶದ ರಾಜನ ಮುಖಕ್ಕೆ ಬೆಲೆ ಇಲ್ಲ, ಬೆಳ್ಳಿಗೆ ಮಾತ್ರ ಎಂದು ಹೇಳಿದ್ದೋ, ಎರಡು ವಾದಗಳಿವೆ. ಬಹಳಷ್ಟು ಗೀರು ಮುಖದ ಬದಿಯಲ್ಲೇ ಇರುವುದರಿಂದ ಎರಡನೆಯದೇ ನನಗೆ ಹೆಚ್ಚು ಒಪ್ಪುವುದು.

(ಹೊಲ ಉಳುವಾಗ ಇಂಥದ್ದು ಸಿಕ್ಕರೆ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದಕ್ಕೆ 1972ರ ಕಾಯ್ದೆಯಲ್ಲಿ ಅವಕಾಶವಿಲ್ಲ.)

ಒಳ್ಳೆಯ ಬೆಳ್ಳಿ ಹೀಗೆ ಮಡಕೆ ಸೇರಿತು. ಕೆಟ್ಟದ್ದು ಬೀದಿಯಲ್ಲಿ ಉಳಿಯಿತು. ಕ್ರಿ.ಪೂ. 32-31ರಲ್ಲಿ ರೋಮನ್ ಸೇನಾನಿ ಮಾರ್ಕ್ ಆಂಟನಿ ಆಕ್ಟಿಯಂ ಎಂಬ ಕಡೆ ನಡೆದ ಯುದ್ಧದ ಮುಂಚೆ ಸೈನಿಕರಿಗೆ ಹಂಚಲು ರಾಶಿರಾಶಿಯಾಗಿ ಹೊಡೆಸಿದ ಡಿನೇರಿಯಸ್‌ಗಳಲ್ಲಿ ತಾಮ್ರದ ಪಾಲು ಹೆಚ್ಚಿತ್ತು. ಒಂದು ಬದಿಯಲ್ಲಿ ಹುಟ್ಟುಗಳ ಹಡಗು, ಇನ್ನೊಂದರಲ್ಲಿ ಎರಡು ಧ್ವಜಗಳ ನಡುವೆ ಹದ್ದು, ಕೆಳಗೆ ಪಡೆಯ ಸಂಖ್ಯೆ. ಯಾರೂ ಇವನ್ನು ಆರಿಸಿ ಕೂಡಿಡಲಿಲ್ಲ, ಕರಗಿಸಲೂ ಇಲ್ಲ. ಇನ್ನೂರು ವರ್ಷ ದಾಟಿದ ಮೇಲೂ, ಸೆವೆರಸ್‌ನ ನಾಣ್ಯಗಳ ಜೊತೆಗೆ ಒಂದೇ ನಿಧಿಯಲ್ಲಿ ಇವು ಸಿಗುತ್ತವೆ, ಬೆರಳಿನಿಂದ ಬೆರಳಿಗೆ ದಾಟಿ ಗುಂಡಿಯಂತೆ ಸವೆದು. ಅಂಥದ್ದೊಂದು ಕೈಗೆ ಬಂದರೆ ಬರಹ ಹುಡುಕಿ ಕಣ್ಣು ನೋಯಿಸಿಕೊಳ್ಳುವುದು ಬೇಡ. ದೀಪವನ್ನು ಪಕ್ಕಕ್ಕೆ, ಮೇಜಿನ ಮಟ್ಟಕ್ಕೆ ತಂದು ನಾಣ್ಯವನ್ನು ನಿಧಾನ ತಿರುಗಿಸಿ. ಎಲ್ಲ ಹೋದ ಮೇಲೂ ಒಂದು ಕಡೆ ಬಾಚಣಿಗೆಯ ಹಲ್ಲಿನಂತೆ ಹುಟ್ಟುಗಳ ಸಾಲು ಉಳಿದಿರುತ್ತದೆ, ಇನ್ನೊಂದು ಕಡೆ ಮೂರು ನೆಟ್ಟಗಿನ ನೆರಳುಗಳು.